ನಾಟಿ ಸಾಲಿನ ತುದಿಯಲ್ಲಿ ದ್ಯಾವಮ್ಮ

ಬೆಳಗಿನ ಆರು ಗಂಟೆ. ಬಾಬುರಾಯನಕೊಪ್ಪಲಿನ ಹಿಂದಿನ ನಾಲೆ ಬಯಲು. ಗದ್ದೆಯ ನೀರಿನಲ್ಲಿ ಆಕಾಶ ಇನ್ನೂ ಬೂದಿ ಬಣ್ಣದಲ್ಲಿದೆ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ ದ್ಯಾವಮ್ಮ ಬದುವಿನ ಮೇಲೆ ನಿಂತು ಹದಿನಾಲ್ಕು ಹೆಂಗಸರನ್ನು ಒಬ್ಬೊಬ್ಬರಾಗಿ ಕೆಸರಿಗಿಳಿಸುತ್ತಿದ್ದಾರೆ. "ಕುಳ್ಳಮ್ಮ, ನಿನ್ ತಂಗಿ ಪಕ್ಕ ಯಾಕಮ್ಮಿ ನುಗ್ತೀಯಾ? ಮನೇಲ್ ಮಾತಾಡಿದ್ದು ಸಾಲ್ದಾ?" ಸಾಲಿಗೆ ಸಾಲೇ ನಗುತ್ತದೆ.

ಇದು ಮುಯ್ಯಾಳಿನ ನಾಟಿ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನದಕ್ಕೆ ನೀನು, ಕೂಲಿಯ ಮಾತಿಲ್ಲ. ಯಾರ ಗದ್ದೆ ಯಾವತ್ತು, ಯಾರ ಪಕ್ಕ ಯಾರು ಎಂದು ಗೊತ್ತುಮಾಡುವವರು ಐವತ್ತೆಂಟರ ದ್ಯಾವಮ್ಮ. ಇಪ್ಪತ್ತೆರಡು ವರ್ಷದಿಂದ ಇದು ಅವರದೇ ಹೊಣೆ. ದಿನಕ್ಕೆ ಹೆಚ್ಚುಕಡಿಮೆ ಒಂದೂಕಾಲು ಎಕರೆ, ಹಂಗಾಮಿಗೆ ಇಪ್ಪತ್ತು ದಿನ ಬಗ್ಗಿದ ಬೆನ್ನು. ಸಂಜೆಗೆ ಕಾಲ್ಬೆರಳ ಸಂದಿಗಳೆಲ್ಲ ಬೆಳ್ಳಗೆ ಸುಲಿದಿರುತ್ತವೆ. ಬೇವಿನೆಣ್ಣೆ ಹಚ್ಚಿ ಮಲಗುತ್ತಾರೆ.

ನೆಂಟರನ್ನು ಅಕ್ಕಪಕ್ಕ ನಿಲ್ಲಿಸಬಾರದೆಂಬುದು ಅವರ ಕಟ್ಟಳೆ. ಹನ್ನೊಂದು ವರ್ಷದ ಹಿಂದೆ ಅದಿರಲಿಲ್ಲ. ಬದುವಿನ ವಿಷಯಕ್ಕೆ ಎರಡು ಮನೆಗಳ ನಡುವೆ ಜಗಳ ಹತ್ತಿ, ಒಂದೇ ಕಡೆ ನಿಂತಿದ್ದ ಒಂದು ಮನೆಯ ನೆಂಟರೆಲ್ಲ, ಅರ್ಧ ಸಾಲೇ, ಎದ್ದು ಹೋಯಿತು. ಅವತ್ತು ದ್ಯಾವಮ್ಮನದೇ ಗದ್ದೆ. ಕಿತ್ತಿಟ್ಟ ಪೈರು ಬಿಸಿಲಿಗೆ ಬಾಡಿತು. "ಆ ಕಡೇರು ಈ ಕಡೇರ ಮೊಕನೇ ನೋಡಿರ್ನಿಲ್ಲ ಕಣವ್ವ. ನಿಲ್ಸಿದ್ ತಪ್ಪು ನಂದೆಯ," ಎನ್ನುತ್ತಾರೆ.

ಇವತ್ತಿನ ಗದ್ದೆ ಚೈತ್ರಳದು. ನಾಗಮಂಗಲದ ರಾಗಿ ಹೊಲಗಳ ಕಡೆಯಿಂದ ಹೋದ ವರ್ಷ ಸೊಸೆಯಾಗಿ ಬಂದವಳು. ಈ ಊರಲ್ಲಿ ಅವಳಿಗೆ ತನ್ನವರೆಂಬವರಿಲ್ಲ. ಅತ್ತೆ ಅಣ್ಣಮ್ಮ ಆಸ್ಪತ್ರೆ ಸೇರಿದಾಗ ಎರಡು ದಿನ ಮುಯ್ಯಿಗೆ ಬರಲಾಗಲಿಲ್ಲ. ಮೊನ್ನೆ ಸರದಿಯ ಮಾತು ಬಂದಾಗ ಸಾಲಿನವರೇ ಆದ ಪ್ರಮೀಳಾ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಅವಳ ಸರದಿ ಕೊನೇಗೆ." ಕೊನೆಯೆಂದರೆ ಇನ್ನು ಹನ್ನೆರಡು ದಿನ. ಪೈರಿಗೆ ಆಗಲೇ ಮೂವತ್ತು ದಿನ. ಅಷ್ಟು ಬಲಿತರೆ ಬುಡದಲ್ಲಿ ಮರಿಪೈರು, ಅಂದರೆ ತೆಂಡೆ, ಒಡೆಯದು, ವರ್ಷದ ಬೆಳೆ ಅರ್ಧಕ್ಕಿಳಿಯುತ್ತದೆ.

ಅವತ್ತು ದ್ಯಾವಮ್ಮ ತಾವೇ ತೀರ್ಪು ಕೊಡಲಿಲ್ಲ. "ಇವಳ ಅಕ್ಕಪಕ್ಕ ನೆಟ್ಟೋರು ಯೋಳ್ರಮ್ಮಿ," ಎಂದರು.

"ಕೈ ನಿಧಾನ, ದಿಟವೇ," ಎಂದರು ಕುಳ್ಳಮ್ಮ. "ನಂಗೆ ಸೊಂಟ ಹಿಡ್ಕಂಡ್ ದಿನ ನನ್ ಪಾಲ್ನೂ ನೆಟ್ಟವ್ಳೆ. ನಿಮ್ಗ್ಯಾರ್ಗೂ ಕಾಣ್ನಿಲ್ಲ."

"ಆ ಎರಡ್ ದಿನವ ಆಮೇಲ್ ತೀರುಸ್ತಾಳೆ. ಸರದಿ ತಪ್ಪುಸ್ಬ್ಯಾಡಿ," ಎಂದಳು ಇನ್ನೊಂದು ಪಕ್ಕದ ರಂಜಿತ.

ಪ್ರಮೀಳಾ, "ಆಗ್ಲಿ ಬುಡಿ. ಅವತ್ತು ಇವಳಿಕ್ಕೋ ಮುದ್ದೆ ಮಾತ್ರ ಗಟ್ಟಿಯಾಗಿರ್ಲಿ, ನಾಗಮಂಗಲದೋಳಲ್ವಾ!" ಎಂದರು.

"ಎಲ್ರೂ ನೆಂಟರ ಪಕ್ಕನೇ ನಿಂತಿದ್ರೆ ಈ ವುಡ್ಗಿ ನೆಟ್ಟಿದ್ದ ಯಾರ್ ನೋಡೋರು?" ಎಂದು ಈಗ ಕೇಳುತ್ತಾರೆ ದ್ಯಾವಮ್ಮ.

ಅವರ ಜಾಗ ಯಾವತ್ತೂ ಬದುವಿನ ಪಕ್ಕದ ತುದಿ. ಅಲ್ಲಿಯ ಪೈರು ನೋಡಿಯೇ ಉಳಿದವರ ಸಾಲು ನೇರವಾಗಬೇಕು. ಆಸೆ ಏನಾದರೂ ಇದೆಯೇ ಎಂದರೆ ನಾಚಿಕೊಳ್ಳುತ್ತಾರೆ. "ಎಲ್ರುಗೂ ಎರಡ್ ಪಕ್ಕ ಕೊಟ್ಟೆ, ನಂಗೊಂದೇಯ. ಒಂದಿನ ನಡುವೆ ನಿಂತ್ಕಂಡು ಎರಡೂ ಕಡೆ ಮಾತಾಡ್ಬೇಕು ಕಣವ್ವ."

ಚೈತ್ರಳಿಗೆ ಅದು ಕೇಳಿಸಿದೆ. "ತುದೀಲಿ ಇವತ್ತು ನಾ ನಿಂತ್ಕತೀನಿ. ಸೊಟ್ಟಗಾದ್ರೆ ನನ್ ಗದ್ದೆ ತಾನೇ?"

ದ್ಯಾವಮ್ಮ ಅವಳ ಜಾಗಕ್ಕೆ, ಕುಳ್ಳಮ್ಮ, ರಂಜಿತರ ನಡುವೆ ಇಳಿಯುತ್ತಾರೆ. "ಬಾರಕ್ಕ, ನಿನ್ ಕೈ ಎಂಗೈತೆ ನೋಡುವ," ಎಂದು ಕುಳ್ಳಮ್ಮ ಛೇಡಿಸುತ್ತಾರೆ.

ಮೊದಲ ಸಾಲು ತುದಿಯಲ್ಲಿ ತುಸು ಸೊಟ್ಟಗಾಗುತ್ತದೆ. ದ್ಯಾವಮ್ಮ ಅದನ್ನು ನೋಡಿ, ದನಿ ತಗ್ಗಿಸಿ ಎರಡೂ ಪಕ್ಕಕ್ಕೆ ಹೇಳುತ್ತಾರೆ:

"ಯೋಳ್ಬ್ಯಾಡಿ ಅವಳ್ಗೆ. ಮುಂದ್ಲು ಸಾಲ್ನ ನೇರ ಮಾಡ್ತಾಳೆ."