ಅತ್ತೆ ಕಳ್ಳಿಯಾದ ದಿನ

ಹಿಟ್ಟಿನ ಗಿರಣಿಯ ಮೇಲಿನ ಹಾಲ್‌ನಲ್ಲಿ ಕರಾಟೆ ಮೇಷ್ಟ್ರು ಬಹಳ ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹರೆಯದಲ್ಲಿ ಪದಕ ಗೆದ್ದವರು. ಈಗ ಹೊಟ್ಟೆ ಬೆಲ್ಟಿಗಿಂತ ಒಂದು ಹೆಜ್ಜೆ ಮುಂದಿತ್ತು. (ನಮ್ಮಂಥವರದಕ್ಕೆ ಹೋಲಿಸಿದರೆ ಅದು ಹೊಟ್ಟೆಯೇ ಅಲ್ಲ, ಬಿಡಿ.) ಮಕ್ಕಳು ಒಬ್ಬೊಬ್ಬರಾಗಿ ಈಜಿಗೆ, ಚೆಸ್ಸಿಗೆ ಜಾರಿಕೊಂಡ ಮೇಲೆ ಕಟ್ಟಡದ ಮಾಲೀಕರು, "ಈ ತಿಂಗಳೂ ಹಾಲ್ ಖಾಲಿ ಹೊಡೆದ್ರೆ ಬ್ಯೂಟಿ ಪಾರ್ಲರ್‌ನವರಿಗೆ ಕೊಡ್ತೀನಿ ಮೇಷ್ಟ್ರೇ" ಎಂದುಬಿಟ್ಟಿದ್ದರು. ಕೊನೆಯ ಆಸೆಯಿಂದ ಮೇಷ್ಟ್ರು ಎದುರಿನ ಬಟ್ಟೆ ಕಾರ್ಖಾನೆಯ ಹೆಂಗಸರನ್ನು ಆತ್ಮರಕ್ಷಣೆ ಕಲಿಯಲು ಕರೆದರು.

ಹೆಂಗಸರೇನೋ ಬಂದು ಗೋಡೆಗೆ ಒರಗಿ ನಿಂತರು. ಬ್ಯಾಗು ಕಸಿಯುವ ಕಳ್ಳನ ಪಾತ್ರಕ್ಕೆ ಮಾತ್ರ ಯಾರೂ ಮುಂದೆ ಬರಲಿಲ್ಲ.

"ನಾನಾಗ್ತೀನಿ ಅಳಿಯಂದಿರೇ" ಎಂದು ಎದ್ದವರು, ಜನ ಕಡಿಮೆಯಾದರೆ ಮಾನ ಹೋದೀತೆಂದು ಮೇಷ್ಟ್ರೇ ಕರೆತಂದು ದಿಂಬಿನ ಮೇಲೆ ಕೂರಿಸಿದ್ದ ಅತ್ತೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಷ್ಟ್ರ ಕೈಯಲ್ಲಿದ್ದ ಬ್ಯಾಗಿಗೆ ಕೈ ಹಾಕಿದರು. ಮೇಷ್ಟ್ರು ಬ್ಯಾಗು ಬಿಟ್ಟು, ಮಿಂಚಿನಂತೆ ಮುಷ್ಟಿ ಬೀಸಿ, ಅತ್ತೆಯ ಭುಜವನ್ನು ಹೂವಿನಂತೆ ಮುಟ್ಟಿ, ಹಿಂದಕ್ಕೆ ನೆಗೆದು ನೆಟ್ಟಗೆ ನಿಂತರು. ಸ್ಪರ್ಧೆಯಲ್ಲಿ ಅಷ್ಟು ಮುಟ್ಟಿದರೆ ಸಾಕು, ರೆಫರಿ ಬಾವುಟ ಎತ್ತುತ್ತಾನೆ. ಇಲ್ಲಿ ಬಾವುಟ ಏಳಲಿಲ್ಲ. ಅತ್ತೆ ಬ್ಯಾಗಿನ ಸಮೇತ ಮೆಟ್ಟಿಲಿಳಿಯುತ್ತಿದ್ದರು.

"ಅತ್ತೇ, ಪಾಯಿಂಟ್ ನಂದು!"

"ಪಾಯಿಂಟ್ ನೀವೇ ಇಟ್ಕೊಳ್ಳಿ, ನಂಗೆ ಬ್ಯಾಗು ಸಾಕು!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಹಿರಿಯಳಾದ, ಅಂಗಿ ಗುಂಡಿಗೆ ಕಾಜಾ ಹೊಲಿಯುವಾಕೆ ಕಣ್ಣೊರೆಸಿಕೊಂಡು ಚಪ್ಪಲಿ ಹುಡುಕತೊಡಗಿದಳು. "ಬೇಜಾರು ಮಾಡ್ಕೋಬೇಡಿ ಸಾರ್. ನಮಗೆ ಪದಕ ಗಿದಕ ಬೇಡ, ಬಸ್‌ಸ್ಟಾಪಿಂದ ಮನೆ ಸೇರಿದ್ರೆ ಸಾಕು."

ಮೇಷ್ಟ್ರಿಗೆ ಗೋಡೆಯ ತುಂಬ ಪಾರ್ಲರಿನ ಕನ್ನಡಿಗಳು ಕಂಡಂತಾಯಿತು.

"ತಾಳಮ್ಮ! ಹಿಂದಕ್ಕೆ ನೆಗೆದಿದ್ದು ಸರಿ. ನಿಂತ್ಕೊಂಡ್ನಲ್ಲ, ಅದು ತಪ್ಪು. ಹಾಗೇ ಕಿರುಚ್ಕೊಂಡು ಓಡ್ಬೇಕಿತ್ತು. ಈಗ ಕಳ್ಳ ನಾನು. ಹೊಡೀರಿ, ಕೂಗಿ, ಓಡಿ!"

"ಅಯ್ಯೋ, ಮೇಷ್ಟ್ರಿಗೆ ಹೊಡೆಯೋದಾ?"

"ಮೇಷ್ಟ್ರಿಗಲ್ಲ, ಕಳ್ಳನಿಗೆ!" ಎಂದು ಅತ್ತೆಯ ದಿಂಬನ್ನು ಹೊಟ್ಟೆಗೆ ಕಟ್ಟಿಕೊಂಡರು.

ಮೊದಲ ಏಟು ಕ್ಷಮೆ ಕೇಳಿಕೊಂಡೇ ಬಿತ್ತು. ಎರಡನೆಯದು ಕೇಳಲಿಲ್ಲ. ಆಮೇಲೆ ಸಾಲೇ ಬೆಳೆಯಿತು; ಬ್ಯಾಗು ಹಿಡಿದು ವಾಪಸು ಬಂದ ಅತ್ತೆಯೂ ದಿಂಬಿಲ್ಲದ ಬೆನ್ನಿನ ಕಡೆ ನಿಂತರು. "ಬಿಡೋ ಕಳ್ಳಾ!" ಎಂಬ ಕೂಗಿಗೆ ಗಿರಣಿಯವನು ಯಂತ್ರ ನಿಲ್ಲಿಸಿ ಮೈಯೆಲ್ಲ ಹಿಟ್ಟಾಗಿ ಮೇಲೆ ಓಡಿಬಂದ, ಬಂದ ತಪ್ಪಿಗೆ ಅವನಿಗೂ ಎರಡು ಬಿದ್ದವು. ಕಾಜಾ ಹೊಲಿಯುವಾಕೆ ಎರಡನೇ ಸಲ ಸಾಲಿಗೆ ನಿಂತು ಕೇಳಿದಳು: "ನಾಳೆ ಎಷ್ಟು ಹೊತ್ತಿಗೆ ಬರೋಣ ಸಾರ್?"

ಸಂಜೆ ಮನೆಯಲ್ಲಿ ಬೆನ್ನಿಗೆ ಎಣ್ಣೆ ಹಚ್ಚುತ್ತ ಹೆಂಡತಿ ಗಾಬರಿಯಾದಳು. "ಇದ್ಯಾರ್ರೀ ಹೀಗೆ ಬಾರಿಸಿದ್ದು?"

"ನಿಮ್ಮಮ್ಮ" ಎಂದರು ಮೇಷ್ಟ್ರು, ಮುಖವೆಲ್ಲ ನಗುವಾಗಿ. "ಹಾಲ್ ಉಳೀತು ಕಣೇ!"