ನಾಲ್ಕು ಸೆಕೆಂಡ್ ಹಿಂದೆ ಬೀಳುವ ಗಡಿಯಾರ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ನನ್ನ ಹೊಟ್ಟೆ ಉರಿಯಿತು. ಒಳಗಿದ್ದದ್ದು ಹಿಂದೆ ಹಡಗಿನವರು, ಸರ್ವೆಯವರು ಬಳಸುತ್ತಿದ್ದ ಹಿತ್ತಾಳೆ ಗಡಿಯಾರ. ಪೆಟ್ಟಿಗೆಯನ್ನು ಎತ್ತ ವಾಲಿಸಿದರೂ ಅದು ಮಟ್ಟಸವಾಗಿಯೇ ನಿಲ್ಲುತ್ತಿತ್ತು. ಹೊಸಪೇಟೆಯಲ್ಲಿ ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ನಾನು ಅಂಥದ್ದನ್ನು ಚಿತ್ರದಲ್ಲಷ್ಟೇ ನೋಡಿದ್ದೆ. ತಂದವರು ಗಣಿಯ ಭರಾಟೆಯಲ್ಲಿ ಅದಿರು ಲಾರಿ ಓಡಿಸಿ ಎರಡೇ ವರ್ಷದಲ್ಲಿ ಸಾಹುಕಾರರಾದ ಸಂಡೂರಿನವರೊಬ್ಬರು.

“ದಿನಾ ನಾಕು ಸೆಕೆಂಡ್ ಹಿಂದ ಬೀಳ್ತೈತ್ರಿ. ಸರಿಮಾಡ್ರಿ,” ಎಂದರು.

ಇಂಥ ಗಡಿಯಾರಕ್ಕೆ ಅದು ದೋಷವೇ ಅಲ್ಲ. ದಿನವೂ ಅಷ್ಟೇ ತಪ್ಪಿದರೆ ಬಳಸುವವರು ಅದನ್ನು ಕೂಡಿಸಿಕೊಂಡು ಸರಿಯಾದ ಸಮಯ ತಿಳಿಯುತ್ತಿದ್ದರು. ಕೆಲವು ದಿನವಾದರೂ ಅದು ನನ್ನ ಬಳಿ ಇರಲಿ ಎಂಬ ಆಸೆಗೆ, ಗೊತ್ತಿದ್ದೂ ನಾನು ಹೇಳಲಿಲ್ಲ. “ಕೆಟ್ಟೈತ್ರಿ, ಬಿಟ್ಟು ಹೋಗ್ರಿ,” ಎಂದೆ. ಹತ್ತು ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೀಲಿ ಕೊಟ್ಟು, ರೇಡಿಯೊ ಸಮಯದೊಂದಿಗೆ ಹೋಲಿಸಿ ಚೀಟಿಯಲ್ಲಿ ಬರೆದೆ. ಪ್ರತಿದಿನವೂ ನಾಲ್ಕೇ ಸೆಕೆಂಡ್.

ಹನ್ನೊಂದನೆಯ ದಿನ ಅವರು ತಮ್ಮ ಮುದಿ ತಂದೆಯನ್ನು ಕರೆತಂದರು. ಹರೆಯದಲ್ಲಿ ಸರ್ವೆಯವರ ಇಂಥದೇ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿದವರಂತೆ. ನನ್ನ ಚೀಟಿ ನೋಡಿ ಆ ಮುದುಕರು ನಕ್ಕರು. “ಮುಟ್ಟಬ್ಯಾಡ್ರಿ. ದಿನಾ ಅಷ್ಟ ತಪ್ತೈತಿ ಅಂದ್ರ ಅದಕ್ಕ ನಿಯತ್ತು ಐತಿ.”

ನಾನು ತಲೆ ಎತ್ತದೆ ಪೆಟ್ಟಿಗೆ ಕೊಟ್ಟೆ. ವರ್ಷಗಳಾದವು. ಬೆಳಿಗ್ಗೆ ಎಂಟಾದರೆ, ಅದಕ್ಕೆ ಕೀಲಿ ಕೊಡುತ್ತಿರಬಹುದಾದ ಆ ಮುದುಕರ ಕೈ ಕಣ್ಣ ಮುಂದೆ ಬಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.