ಬಾಗಿಲು ತೆಗೆದ ವೇದಾವತಿ

ಪಾವಗಡದ ಬಸ್‌ಸ್ಟ್ಯಾಂಡಿನ ಎದುರು ಹದಿನೆಂಟು ವರ್ಷದಿಂದ ಇಡ್ಲಿ ಗಾಡಿ ಇಟ್ಟಿರುವ ವೇದಾವತಿಯ ಬಾಯಿಗೆ ಕಂಡಕ್ಟರುಗಳೂ ಹೆದರುತ್ತಾರೆ. ಅಂಥವಳು ಚರ್ಚಿನಲ್ಲಿ ಮಾತ್ರ ಕಳ್ಳಿಯಂತೆ ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದಳು. ಒಂಬತ್ತಕ್ಕೆ ಆರಾಧನೆ, ಗಾಡಿ ಮುಚ್ಚಿ ಇವಳು ಬರುವಾಗ ಹತ್ತೂಕಾಲು. "ಬಂದ್ಲು, ಊಟದ ಹೊತ್ಗೆ ಬರೋ ನೆಂಟ್ರಂಗೆ," ಎಂದು ಸಭೆಯ ಹಿರಿಯ ಮೂಡಲಗಿರಿಯಪ್ಪ ಎಲ್ಲರಿಗೂ ಕೇಳುವಂತೆ ಅನ್ನುವನು. ಹಿಂದಿನ ಪಾಸ್ಟರು ಪ್ರಸಂಗ ನಿಲ್ಲಿಸಿ ದುರುಗುಟ್ಟುವರು. ಕೊನೆಗೆ ಹೋಗುವುದನ್ನೇ ಬಿಟ್ಟಳು. ಬಿಟ್ಟ ಸಂಕಟ ಎದೆಯಲ್ಲೇ ಉಳಿಯಿತು.

ಹೊಸ ಪಾಸ್ಟರ್ ಮೋಹನ್ ಕುಮಾರ್ ಒಂದು ಬೆಳಿಗ್ಗೆ ಗಾಡಿಯ ಮುಂದೆ ನಿಂತು ನಾಲ್ಕು ಇಡ್ಲಿ ತಿಂದರು, ಕೈ ತೊಳೆದರು, ಚರ್ಚಿನ ಬೀಗದ ಕೈಯನ್ನು ಅವಳ ಮುಂದಿಟ್ಟರು.

"ನಂಗೆ ನಾಲ್ಕೂರು ಸುತ್ತೋದಿದೆ. ಭಾನುವಾರ ಬಾಗ್ಲು ನೀವೇ ತೆಗೀರಮ್ಮ."

"ನಾನಾ? ಎಲ್ಲಾರ್ಗಿಂತ ಕೊನೇಗೆ ಬರ್ತಿದ್ದೋಳು ನಾನು, ಅಯ್ಯನೋರೇ!"

"ಅದಕ್ಕೇ ಕೊಟ್ಟೆ."

ಮೊದಲ ಭಾನುವಾರವೇ ಎಡವಟ್ಟು. ಮಡಕಶಿರಾ ಬಸ್ಸು ಕೆಟ್ಟು ನಿಂತು, ಜನವೆಲ್ಲ ಗಾಡಿಗೆ ಮುತ್ತಿದರು. ವ್ಯಾಪಾರದ ಭರದಲ್ಲಿ ಇವಳಿಗೆ ಹೊತ್ತೇ ತಿಳಿಯಲಿಲ್ಲ. ಏದುಸಿರು ಬಿಡುತ್ತ ಓಡಿ ಬಂದರೆ ಸಭೆಯಿಡೀ ಬಿಸಿಲಲ್ಲಿ ನಿಂತಿದೆ.

"ಮಂಗನ ಕೈಗೆ ಮಾಣಿಕ್ಯ ಕೊಟ್ಟಂಗಾಯ್ತು. ಕಿತ್ಕೊಳ್ಳಿ ಆ ಕೀನ," ಎಂದ ಮೂಡಲಗಿರಿಯಪ್ಪ.

ಮೆಟ್ಟಿಲ ಮೇಲೆ ಕೂತಿದ್ದ ಪಾಸ್ಟರು ಎದ್ದು ಅವಳಿಗೆ ನೀರಿನ ಬಾಟಲಿ ಕೊಟ್ಟರು. "ಕೀ ಅವ್ರತ್ರಾನೇ ಇರ್ಲಿ," ಎಂದರು, ಅಷ್ಟೇ. ಬೈದಿದ್ದರೆ ವೇದಾವತಿ ಬಡ್ಡಿ ಸಮೇತ ತಿರುಗಿಸಿ ಬೈದು ಮನೆಗೆ ಹೋಗಿಬಿಡುತ್ತಿದ್ದಳು. ಬೈಯಲಿಲ್ಲವಲ್ಲ, ಅಳು ಬಂತು. ಮುಂದಿನ ವಾರದಿಂದ ಭಾನುವಾರ ಎಂಟಕ್ಕೇ ಒಲೆ ಆರಿತು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಮಾತಾಡಿಸುತ್ತ, ಯಾರ ಮನೆಯಲ್ಲಿ ಜ್ವರ, ಯಾರ ಮಗಳಿಗೆ ಪರೀಕ್ಷೆ, ಎಲ್ಲ ತಿಳಿದುಕೊಂಡಳು.

ಕಳೆದ ಆಗಸ್ಟಿನ ಒಂದು ಭಾನುವಾರ ಹತ್ತಾದರೂ ಪಾಸ್ಟರ ಸುಳಿವಿಲ್ಲ. ಮಧುಗಿರಿ ದಾರಿಯಲ್ಲಿ ಬೈಕು ಕೆಟ್ಟಿದೆಯಂತೆ.

"ಅಯ್ಯನೋರಿಲ್ದೆ ಆರಾಧನೆ ಎಂಗಾಯ್ತದೆ? ನಡೀರಿ," ಎಂದು ಮೂಡಲಗಿರಿಯಪ್ಪ ಟವೆಲ್ಲು ಕೊಡವಿದ. ಅರ್ಧ ಸಭೆ ಎದ್ದಿತು.

ವೇದಾವತಿಗೆ ಹಳೆಯದು ನೆನಪಾಯಿತು. ಹಿಂದಿನ ಪಾಸ್ಟರು ವರ್ಗವಾದಾಗ ಜನ ಹೀಗೇ ಎದ್ದು ಹೋಗಿದ್ದರು. ಎರಡು ತಿಂಗಳು ಚರ್ಚಿನ ಬಾಗಿಲೇ ತೆಗೆದಿರಲಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಯಾರೂ ಓಗಂಗಿಲ್ಲ! ಅಯ್ಯನೋರು ಬಂದಿಲ್ಲ ಅಂದ್ರೆ ದೇವ್ರೂ ಬಂದಿಲ್ವಾ? ಕೂತ್ಕೊಳಣ್ಣ!"

ಕೂತರು. ಬಸ್‌ಸ್ಟ್ಯಾಂಡಿಗೆ ಕೇಳುವ ಗಂಟಲಲ್ಲಿ ಹಾಡು ಎತ್ತಿದಳು. ಆಮೇಲೆ ಕಣ್ಣು ಮುಚ್ಚಿ, ಮನೆ ಮನೆಯ ಹೆಸರು ಹಿಡಿದು, ಅವರವರ ಕಷ್ಟ ಹೇಳಿ ಪ್ರಾರ್ಥಿಸತೊಡಗಿದಳು. ಮೊದಲು ನಡುಗುತ್ತಿದ್ದ ದನಿ ಮೂರನೇ ಮನೆಯ ಹೊತ್ತಿಗೆ ಗಟ್ಟಿಯಾಯಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಕೈಯೆಲ್ಲ ಗ್ರೀಸು ಮಾಡಿಕೊಂಡು ಪಾಸ್ಟರು ಒಳಗೆ ಬಂದರು. ಸದ್ದಾಗಿ ವೇದಾವತಿ ಕಣ್ಣು ತೆರೆದಳು, ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯಹೋದಳು.

"ಏಯ್, ನಿಲ್ಲಮ್ಮ!" ಮೂಡಲಗಿರಿಯಪ್ಪ ಕೂತಲ್ಲಿಂದಲೇ ಕೂಗಿದ. "ನಮ್ಮನೇದು ಇನ್ನೂ ಬಂದಿಲ್ಲ!"

ಪಾಸ್ಟರು ಹಿಂದಿನ ಚಾಪೆಯ ಮೇಲೆ ಕೂತು ತಲೆ ತಗ್ಗಿಸಿದರು. ವೇದಾವತಿ ಮೂಡಲಗಿರಿಯಪ್ಪನ ಮನೆಯ ಹೆಸರು ಹಿಡಿದಳು.